ಆಪ್ತಸಮಾಲೋಚನೆಯ ಪ್ರಕ್ರಿಯೆ: ಓಲ್ಡ್ ರಾಜಿಂದರ್ ನಗರದ ಹಿನ್ನೆಲೆಯಲ್ಲಿ

ಆಪ್ತಸಮಾಲೋಚನೆ ಎಂಬುದು ತರಬೇತಿ ಪಡೆದ ವ್ಯಕ್ತಿಯೊಬ್ಬರು, ಮನಸ್ಸಿನ ತೊಳಲಾಟದಲ್ಲೋ ನಿರ್ಧಾರದ ಇಕ್ಕಟ್ಟಿನಲ್ಲೋ ಸಿಲುಕಿದ ಇನ್ನೊಬ್ಬರೊಂದಿಗೆ, ಗೊತ್ತುಪಡಿಸಿದ ಸಮಯದಲ್ಲಿ, ಗುಟ್ಟು ಕಾಯುವ ಭರವಸೆ ಕೊಟ್ಟು ನಡೆಸುವ ಮಾತುಕತೆಯ ಸರಣಿ. ಮಾತುಕತೆ ನಡೆಸಿಕೊಡುವವರು ಆಪ್ತಸಮಾಲೋಚಕರು. ನೆರವು ಬಯಸಿ ಬಂದವರು ಸಲಹಾರ್ಥಿ. ಹೆಸರಿನಲ್ಲಿ ಸಲಹೆ ಎಂಬ ಮಾತಿದ್ದರೂ ಬುದ್ಧಿವಾದ ಹೇಳುವುದು ಈ ಕೆಲಸದ ತಿರುಳಲ್ಲ. ಸಲಹಾರ್ಥಿ ತನ್ನ ಸ್ಥಿತಿಯನ್ನು ತಾನೇ ಸ್ಪಷ್ಟವಾಗಿ ಕಂಡು, ಮುಂದಿನ ಹೆಜ್ಜೆಯನ್ನು ತಾನೇ ಆರಿಸಿಕೊಳ್ಳುವಷ್ಟು ಚೇತರಿಸಿಕೊಳ್ಳುವಂತೆ ನೋಡಿಕೊಳ್ಳುವುದೇ ಇದರ ಗುರಿ. ಊರೂರುಗಳ ಯುವಜನ ಯುಪಿಎಸ್‌ಸಿಯ ನಾಗರಿಕ ಸೇವಾ ಪರೀಕ್ಷೆಯೊಂದರ ಬೆನ್ನು ಹತ್ತಿ ವರ್ಷಗಟ್ಟಲೆ ಕಳೆಯುವ ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ಈ ಪ್ರಕ್ರಿಯೆಯ ಅಗತ್ಯವೂ ಅದರ ಮಿತಿಯೂ ಎದ್ದು ಕಾಣುತ್ತವೆ.

ಪದದ ಅರ್ಥ ಮತ್ತು ವ್ಯಾಪ್ತಿ

‘ಕೌನ್ಸೆಲಿಂಗ್’ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಸಿಇಟಿ ಸೀಟು ಹಂಚಿಕೆ ಅಥವಾ ಶಿಕ್ಷಕರ ವರ್ಗಾವಣೆ. ಓಲ್ಡ್ ರಾಜಿಂದರ್ ನಗರದಲ್ಲಿ ಅದೇ ಪದಕ್ಕೆ ಇನ್ನೊಂದು ಬಳಕೆ ಇದೆ: ಕೋಚಿಂಗ್ ಸಂಸ್ಥೆಗಳ ‘ಕೌನ್ಸೆಲರ್’ ಎಂದರೆ ಹೆಚ್ಚಾಗಿ ಶುಲ್ಕ, ಬ್ಯಾಚ್, ಆಪ್ಷನಲ್ ವಿಷಯಗಳನ್ನು ವಿವರಿಸಿ ಪ್ರವೇಶ ಮಾಡಿಸಿಕೊಳ್ಳುವ ಸಿಬ್ಬಂದಿ. ಇವೆಲ್ಲ ಮಾಹಿತಿ ಕೊಡುವ ಕೆಲಸಗಳು. ಮಾಹಿತಿ ಕೊಡುವವರ ಬಳಿ ಸಂಸ್ಥೆಯ ಉದ್ದೇಶ ಇರುತ್ತದೆ; ಆಪ್ತಸಮಾಲೋಚಕರ ಮುಂದೆ ಸಲಹಾರ್ಥಿಯ ಹಿತವೊಂದೇ ಇರಬೇಕು.

ಆಪ್ತಸಮಾಲೋಚಕರು, ಕ್ಲಿನಿಕಲ್ ಸೈಕಾಲಜಿಸ್ಟ್, ಮನೋವೈದ್ಯರು ಬೇರೆ ಬೇರೆ ವೃತ್ತಿಯವರು. ಮನೋವೈದ್ಯರು ವೈದ್ಯಪದವೀಧರರು, ಔಷಧಿ ಬರೆದುಕೊಡುವ ಅಧಿಕಾರ ಅವರಿಗಿದೆ. ಕ್ಲಿನಿಕಲ್ ಸೈಕಾಲಜಿಸ್ಟರು 1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿಕೊಂಡಿರಬೇಕು. ಆಪ್ತಸಮಾಲೋಚಕರು ಸಾಮಾನ್ಯವಾಗಿ ಮನಶ್ಶಾಸ್ತ್ರ ಅಥವಾ ಸಮಾಜಕಾರ್ಯ ಓದಿ, ಮೇಲ್ವಿಚಾರಣೆಯಲ್ಲಿ ಅಭ್ಯಾಸ ಮಾಡಿದವರು. ಅವರು ಔಷಧಿ ಕೊಡುವಂತಿಲ್ಲ. ಸಹವರ್ತಿ ಆರೋಗ್ಯ ವೃತ್ತಿಗಳಿಗಾಗಿ 2021ರಲ್ಲಿ ಬಂದ ಕೇಂದ್ರ ಕಾಯ್ದೆಯು ವರ್ತನೆ ಮತ್ತು ಮನಸ್ಸಿಗೆ ಸಂಬಂಧಿಸಿದ ವೃತ್ತಿಗಳನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಆದರೂ ಬೋರ್ಡು ಹಾಕಿಕೊಂಡವರೆಲ್ಲ ತರಬೇತಿ ಪಡೆದವರೇ ಆಗಿರುವುದಿಲ್ಲ. ವಿದ್ಯಾರ್ಹತೆಯನ್ನೂ ತರಬೇತಿಯನ್ನೂ ಕೇಳಿ ತಿಳಿಯುವುದು ಸಲಹಾರ್ಥಿಯ ಹಕ್ಕು.

ಬೆಳೆದು ಬಂದ ದಾರಿ

ಇಂದಿನ ಆಪ್ತಸಮಾಲೋಚನೆಯ ಒಂದು ಬೇರು ಉದ್ಯೋಗ ಮಾರ್ಗದರ್ಶನದಲ್ಲಿದೆ. ಫ್ರಾಂಕ್ ಪಾರ್ಸನ್ಸ್ 1908ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ, ಕೆಲಸ ಹುಡುಕುವ ಯುವಜನರಿಗಾಗಿ ಒಂದು ಕೇಂದ್ರ ತೆರೆದರು. ಇನ್ನೊಂದು ಬೇರು ಮನೋಚಿಕಿತ್ಸೆಯದು. ಕಾರ್ಲ್ ರೋಜರ್ಸ್ 1942ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ‘ರೋಗಿ’ ಎಂಬ ಮಾತನ್ನು ಬಿಟ್ಟು ‘ಕ್ಲೈಂಟ್’ ಎಂದು ಕರೆದರು. ಎದುರಿಗೆ ಕೂತವರು ವೈದ್ಯರ ಕೈಗೆ ತಮ್ಮನ್ನು ಒಪ್ಪಿಸಿಕೊಟ್ಟವರಲ್ಲ, ತಮ್ಮ ಬದುಕಿನ ಯಜಮಾನಿಕೆ ಉಳಿಸಿಕೊಂಡವರು ಎಂಬ ನಿಲುವು ಆ ಬದಲಾವಣೆಯಲ್ಲಿತ್ತು. ಮುಂದೆ ಆರನ್ ಬೆಕ್ ಯೋಚನೆ ಮತ್ತು ಭಾವನೆಗಳ ನಂಟಿನ ಮೇಲೆ ಅರಿವಿನ ಚಿಕಿತ್ಸೆ ರೂಪಿಸಿದರು. ಜೆರಾರ್ಡ್ ಈಗನ್ 1975ರಲ್ಲಿ ನೆರವಿನ ಪ್ರಕ್ರಿಯೆಯನ್ನು ಹಂತಹಂತವಾಗಿ ವಿವರಿಸುವ ಪಠ್ಯ ಬರೆದರು.

ಭಾರತದಲ್ಲಿ ಈ ಕ್ಷೇತ್ರದ ಮುಖ್ಯ ನೆಲೆಗಳಲ್ಲೊಂದು ಬೆಂಗಳೂರು. ಅಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ, 1974ರಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆಯೊಂದಿಗೆ ಸೇರಿ ನಿಮ್ಹಾನ್ಸ್ ಆಯಿತು. ಮನಸ್ಸಿನ ವಿಚಾರವನ್ನು ಕನ್ನಡದ ಓದುಗರ ಮನೆಗೆ ತಲುಪಿಸಿದವರಲ್ಲಿ ‘ರಾಶಿ’ ಎಂದೇ ಹೆಸರಾದ ಡಾ. ಎಂ. ಶಿವರಾಂ ಪ್ರಮುಖರು, ಅವರ ‘ಮನಮಂಥನ’ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ನೂರಾರು ಪುಸ್ತಕ, ಉಪನ್ಯಾಸಗಳ ಜೊತೆಗೆ ಬೆಂಗಳೂರಿನಲ್ಲಿ ‘ಸಮಾಧಾನ’ ಎಂಬ ಉಚಿತ ಆಪ್ತಸಮಾಲೋಚನಾ ಕೇಂದ್ರ ನಡೆಸಿ, ಸಾಮಾನ್ಯ ನಾಗರಿಕರಿಗೂ ಈ ಕೆಲಸದ ತರಬೇತಿ ಕೊಟ್ಟರು. 2024ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಓಲ್ಡ್ ರಾಜಿಂದರ್ ನಗರ

ದೇಶ ವಿಭಜನೆಯ ನಂತರ ಪಶ್ಚಿಮ ಪಂಜಾಬಿನಿಂದ ಬಂದ ನಿರಾಶ್ರಿತರಿಗಾಗಿ ಕರೋಲ್ ಬಾಗ್ ಪಕ್ಕದಲ್ಲಿ ಎದ್ದ ಈ ಬಡಾವಣೆಗೆ ಮೊದಲ ರಾಷ್ಟ್ರಪತಿ ರಾಜೇಂದ್ರ ಪ್ರಸಾದರ ಹೆಸರಿದೆ. ಇಂದು ಅದು ಯುಪಿಎಸ್‌ಸಿ ತಯಾರಿಯ ದೊಡ್ಡ ಕೇಂದ್ರ. ಸಣ್ಣ ನಿವೇಶನಗಳ ಮೇಲೆ ಎದ್ದ ಮನೆಗಳ ಮಹಡಿಗಳಲ್ಲಿ ಪಿಜಿ ಕೋಣೆಗಳಿವೆ. ತಿಂಗಳ ಬಾಡಿಗೆಗೆ ಕುರ್ಚಿ, ಮೇಜು, ದೀಪ ಕೊಡುವ ಓದುಮನೆಗಳನ್ನು ಇಲ್ಲಿ ‘ಲೈಬ್ರರಿ’ ಎನ್ನುತ್ತಾರೆ. ಕರ್ನಾಟಕದಿಂದಲೂ ಅಭ್ಯರ್ಥಿಗಳು ಬರುತ್ತಾರೆ: ಕೆಲವರು ಸರ್ಕಾರದ ತರಬೇತಿ ಯೋಜನೆಯ ನೆರವಿನಿಂದ, ಹಲವರು ಮನೆಯವರ ಉಳಿತಾಯದಿಂದ. ಧಾರವಾಡದಲ್ಲೂ ಬೆಂಗಳೂರಿನ ವಿಜಯನಗರದಲ್ಲೂ ಇಂಥದೇ ಲೋಕ ಸಣ್ಣ ಪ್ರಮಾಣದಲ್ಲಿದೆ.

2024ರ ನಾಗರಿಕ ಸೇವಾ ಪರೀಕ್ಷೆಗೆ 9,92,599 ಜನ ಅರ್ಜಿ ಹಾಕಿದ್ದರು. ಪೂರ್ವಭಾವಿ ಪರೀಕ್ಷೆಯಾದ ಪ್ರಿಲಿಮ್ಸ್‌ಗೆ ಹಾಜರಾದವರು 5,83,213. ಮುಖ್ಯ ಪರೀಕ್ಷೆಯಾದ ಮೇನ್ಸ್‌ಗೆ ಅರ್ಹರಾದವರು 14,627. ಕೊನೆಗೆ ಆಯ್ಕೆಯಾದವರು 1,009. ಎಂದರೆ ಪರೀಕ್ಷೆಗೆ ಕೂತ ಸುಮಾರು 578 ಜನರಲ್ಲಿ ಒಬ್ಬರು. ಪ್ರಿಲಿಮ್ಸ್ ನಡೆದದ್ದು 2024ರ ಜೂನ್‌ನಲ್ಲಿ, ಅಂತಿಮ ಫಲಿತಾಂಶ ಬಂದದ್ದು 2025ರ ಏಪ್ರಿಲ್‌ನಲ್ಲಿ. ಸಾಮಾನ್ಯ ವರ್ಗದವರಿಗೆ 6 ಅವಕಾಶ ಮತ್ತು 32 ವರ್ಷದ ವಯೋಮಿತಿ, ಹಿಂದುಳಿದ ವರ್ಗದವರಿಗೆ 9 ಅವಕಾಶ ಮತ್ತು 35 ವರ್ಷ. ಪರಿಶಿಷ್ಟ ಜಾತಿ, ಪಂಗಡದವರಿಗೆ 37 ವರ್ಷದವರೆಗೆ ಅವಕಾಶಗಳ ಮಿತಿ ಇಲ್ಲ. ಹೀಗಾಗಿ ಇಪ್ಪತ್ತೊಂದಕ್ಕೆ ಆರಂಭಿಸಿದವರು ಮೂವತ್ತು ದಾಟಿದರೂ ಇದೇ ದಾರಿಯಲ್ಲಿರುವುದು ಅಪರೂಪವಲ್ಲ. ನಿದ್ರೆಗೇಡು, ಪರೀಕ್ಷಾಭಯ, ಒಂಟಿತನ, ಹಣದ ಚಿಂತೆ, ಮದುವೆಯ ಒತ್ತಡ, ‘ಬಿಡಬೇಕೋ ಮುಂದುವರಿಸಬೇಕೋ’ ಎಂಬ ತಾಕಲಾಟ, ಇವು ಇಲ್ಲಿಂದ ಆಪ್ತಸಮಾಲೋಚನೆಗೆ ಬರುವ ಸಾಮಾನ್ಯ ಸಂಗತಿಗಳು.

ಸಂಬಂಧವೇ ಬುನಾದಿ

ಯಾವ ಪದ್ಧತಿ ಬಳಸಿದರೂ ಆಪ್ತಸಮಾಲೋಚನೆ ನಿಲ್ಲುವುದು ಇಬ್ಬರ ನಡುವಿನ ಸಂಬಂಧದ ಮೇಲೆ. ರೋಜರ್ಸ್ ಅದಕ್ಕೆ ಸಮಾಲೋಚಕರಲ್ಲಿ ಮೂರು ಗುಣ ಬೇಕೆಂದರು. ಮೊದಲನೆಯದು ಪರಾನುಭೂತಿ: ಸಲಹಾರ್ಥಿಯ ಜಾಗದಲ್ಲಿ ನಿಂತು ಅವರ ಕಣ್ಣಿನಿಂದ ನೋಡುವುದು. ಅಯ್ಯೋ ಪಾಪ ಎನ್ನುವ ಕನಿಕರಕ್ಕೂ ಇದಕ್ಕೂ ಅಂತರವಿದೆ. ಕನಿಕರ ಮೇಲೆ ನಿಂತು ನೋಡುತ್ತದೆ, ಪರಾನುಭೂತಿ ಪಕ್ಕದಲ್ಲಿ ಕೂರುತ್ತದೆ. ಎರಡನೆಯದು ಷರತ್ತಿಲ್ಲದ ಸ್ವೀಕಾರ: ರ‍್ಯಾಂಕು, ಜಾತಿ, ಭಾಷೆ, ಸೋಲು ಯಾವುದನ್ನೂ ಲೆಕ್ಕಿಸದೆ ಗೌರವಿಸುವುದು. ಮೂರನೆಯದು ಪ್ರಾಮಾಣಿಕತೆ: ಒಳಗೊಂದು ಹೊರಗೊಂದು ಇಲ್ಲದಿರುವುದು. ದಿನವೂ ಅಂಕಗಳಿಂದಲೇ ಅಳೆಯಿಸಿಕೊಳ್ಳುವ ಅಭ್ಯರ್ಥಿಗೆ ಎರಡನೆಯ ಗುಣ ಎಲ್ಲಕ್ಕಿಂತ ದೊಡ್ಡ ಆಸರೆ. ತನ್ನ ಸ್ಕೋರ್ ಕೇಳದೆ ಒಂದು ಗಂಟೆ ತನ್ನೊಂದಿಗೆ ಕೂರುವವರು ಅವರಿಗೆ ಬೇರೆಲ್ಲೂ ಸಿಗದಿರಬಹುದು.

ಎಡ್ವರ್ಡ್ ಬಾರ್ಡಿನ್ 1979ರಲ್ಲಿ ಈ ಸಂಬಂಧವನ್ನು ಮೂರು ಎಳೆಗಳ ಹುರಿಯಾಗಿ ವಿವರಿಸಿದರು: ಗುರಿಯ ಬಗ್ಗೆ ಒಮ್ಮತ, ಮಾಡಬೇಕಾದ ಕೆಲಸದ ಬಗ್ಗೆ ಒಮ್ಮತ, ಪರಸ್ಪರ ನಂಬಿಕೆ. ಒಂದು ಎಳೆ ಸಡಿಲವಾದರೂ ಸಲಹಾರ್ಥಿ ಭೇಟಿ ತಪ್ಪಿಸತೊಡಗುತ್ತಾರೆ. ಆಗ ‘ಕಳೆದ ಸಲ ನಾನಾಡಿದ ಮಾತು ನಿಮಗೆ ಸರಿಬರಲಿಲ್ಲವೇನೋ’ ಎಂದು ಸಮಾಲೋಚಕರೇ ಬಾಯಿಬಿಟ್ಟು ಕೇಳಬೇಕು. ಬಿರುಕು ಹೀಗೆ ಸರಿಹೋದ ಮೇಲೆ ನಂಬಿಕೆ ಮೊದಲಿಗಿಂತ ಗಟ್ಟಿಯಾಗುವುದುಂಟು.

ಭಾರತೀಯ ಸಲಹಾರ್ಥಿ ಎದುರಿಗಿರುವವರಲ್ಲಿ ಗುರುವನ್ನೋ ಮನೆಯ ಹಿರಿಯರನ್ನೋ ಕಾಣುವುದು ಸಹಜ. ಮನೋವೈದ್ಯ ಜೆ.ಎಸ್. ನೇಕಿ 1973ರಲ್ಲಿ, ಇಲ್ಲಿನ ಚಿಕಿತ್ಸೆಗೆ ಗುರು–ಶಿಷ್ಯ ಸಂಬಂಧ ಒಂದು ಮಾದರಿಯಾಗಬಲ್ಲದು ಎಂದು ವಾದಿಸಿದರು. ಆ ವಾದದಲ್ಲಿ ಹುರುಳಿದೆ: ‘ಸರ್, ನೀವೇ ಹೇಳಿ, ನಾನೇನು ಮಾಡಲಿ?’ ಎಂದು ಕೇಳುವವರಿಗೆ ಬರೀ ಮೌನವೇ ಉತ್ತರವಾದರೆ ಅದು ಕೈಬಿಟ್ಟಂತೆ ಕಾಣುತ್ತದೆ. ನುರಿತ ಸಮಾಲೋಚಕರು ಆರಂಭದಲ್ಲಿ ಹಿರಿಯರ ಆಸರೆ ಕೊಟ್ಟು, ಭೇಟಿಯಿಂದ ಭೇಟಿಗೆ ನಿರ್ಧಾರದ ಹೊಣೆಯನ್ನು ಸಲಹಾರ್ಥಿಯ ಕೈಗೆ ಮರಳಿಸುತ್ತಾರೆ.

ಪ್ರಕ್ರಿಯೆಯ ಹಂತಗಳು

ಮೊದಲ ಭೇಟಿ: ಸಾಮಾನ್ಯವಾಗಿ ಒಂದು ಭೇಟಿ 45ರಿಂದ 50 ನಿಮಿಷ. ಕೋಣೆಯಲ್ಲಿ ಎರಡು ಕುರ್ಚಿ, ನಡುವೆ ದೊಡ್ಡ ಮೇಜಿಲ್ಲ. ಗಡಿಯಾರ ಇಬ್ಬರಿಗೂ ಕಾಣುವಂತಿರುತ್ತದೆ. ಮೊದಲಿಗೆ ಒಪ್ಪಂದದ ಮಾತು ಆಗುತ್ತದೆ: ಎಷ್ಟು ಭೇಟಿ, ಶುಲ್ಕವೆಷ್ಟು, ಬರಲಾಗದಿದ್ದರೆ ಯಾವಾಗ ತಿಳಿಸಬೇಕು, ಏನನ್ನು ಬರೆದಿಡಲಾಗುತ್ತದೆ, ಗುಟ್ಟು ಎಲ್ಲಿಯವರೆಗೆ ಉಳಿಯುತ್ತದೆ. ನಂತರ ನಿದ್ರೆ, ಊಟ, ಹಳೆಯ ಕಾಯಿಲೆ, ಔಷಧಿ, ಮನೆಯ ಸ್ಥಿತಿ, ಹತ್ತಿರದ ಗೆಳೆಯರ ಬಗ್ಗೆ ವಿಚಾರಿಸುತ್ತಾರೆ. ಖಿನ್ನತೆಯ ಮಟ್ಟ ಅಳೆಯಲು 9 ಪ್ರಶ್ನೆಗಳ ಪಿಎಚ್‌ಕ್ಯೂ ಪಟ್ಟಿಯಂಥ ಸಾಧನಗಳನ್ನೂ ಬಳಸಬಹುದು. ಅದರ ಅಂಕ 0ಯಿಂದ 27ರವರೆಗೆ ಇರುತ್ತದೆ. ಅದು ಮುಂದಿನ ವಿಚಾರಣೆಗೆ ಸುಳಿವು, ಅದೇ ಅಂತಿಮ ರೋಗನಿರ್ಣಯವಲ್ಲ.

ಆಲಿಸುವಿಕೆ: ಇದು ಎಲ್ಲಕ್ಕಿಂತ ಕಷ್ಟದ ಹಂತ. ಒಂದು ಕಲ್ಪಿತ ಪ್ರಸಂಗದಿಂದ ಇದನ್ನು ನೋಡಬಹುದು. ವಿಜಯಪುರ ಜಿಲ್ಲೆಯ ಅಭ್ಯರ್ಥಿಯೊಬ್ಬ ಹೇಳುತ್ತಾನೆ: ‘ಮೂರನೇ ಸಲ ಪ್ರಿಲಿಮ್ಸ್ ಹೋಯ್ತರೀ. ಮನಿಗೆ ಏನಂತ ಹೇಳ್ಲಿ? ಅಪ್ಪ ನನ್ನ ಸಲುವಾಗಿ ಹೊಲ ಲಾವಣಿಗೆ ಹಾಕ್ಯಾರ.’ ಇದಕ್ಕೆ ‘ಧೈರ್ಯವಾಗಿರಿ, ಮುಂದಿನ ಸಲ ಆಗೇ ಆಗುತ್ತೆ’ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಸಮಾಲೋಚಕರು ಕೊಡಲಾಗದ ಭರವಸೆಯನ್ನು ಕೊಟ್ಟಂತೆಯೂ ಆಗುತ್ತದೆ. ‘ಮೊದಲು ಒಂದು ನೌಕರಿ ನೋಡಿಕೊಳ್ಳಿ’ ಎಂದರೆ ತೀರ್ಪು ಕೊಟ್ಟಂತೆ. ‘ಫಲಿತಾಂಶಕ್ಕಿಂತ ಅಪ್ಪನ ಹೊಲದ ಭಾರ ನಿಮ್ಮನ್ನ ಹೆಚ್ಚು ಕಾಡ್ತಿದೆ ಅನ್ನಿಸ್ತದೆ. ಹೌದಾ?’ ಎಂದು ಕೇಳಿ ಸುಮ್ಮನೆ ಕಾದರೆ, ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಮಾತು ಹೊರಬರುತ್ತದೆ: ‘ಹೌದ್ರೀ. ಅವರ ಮುಂದ ಮಾರಿ ಎತ್ತಿ ನಿಂದ್ರಾಕ ಆಗವಲ್ದು.’ ಇಲ್ಲಿ ಬಳಕೆಯಾದದ್ದು ಎರಡು ಕೌಶಲ: ಭಾವನೆಯನ್ನು ಗುರುತಿಸಿ ಹೇಳುವುದು, ಮೌನವನ್ನು ತಾಳಿಕೊಳ್ಳುವುದು. ಹೌದು–ಇಲ್ಲ ಎಂದು ಮುಗಿಯದ ತೆರೆದ ಪ್ರಶ್ನೆ, ಹೇಳಿದ್ದನ್ನು ಬೇರೆ ಮಾತಿನಲ್ಲಿ ತಿರುಗಿ ಹೇಳುವುದು, ಭೇಟಿಯ ಕೊನೆಗೆ ಸಾರಾಂಶ ಹೇಳಿ ತಪ್ಪಿದ್ದರೆ ತಿದ್ದಲು ಕೇಳುವುದು ಉಳಿದ ಮುಖ್ಯ ಕೌಶಲಗಳು.

ಜೊತೆಯಾಗಿ ಅರ್ಥ ಮಾಡಿಕೊಳ್ಳುವುದು: ಎರಡು ಮೂರು ಭೇಟಿಗಳ ನಂತರ ತೊಂದರೆಯ ಸುತ್ತು ಕಾಗದದ ಮೇಲೆ ಮೂಡುತ್ತದೆ. ಮಾಕ್ ಟೆಸ್ಟಿನಲ್ಲಿ ಅಂಕ ಕಡಿಮೆ ಬಂತು, ‘ನಾನು ಯಾವುದಕ್ಕೂ ಲಾಯಕ್ಕಿಲ್ಲ’ ಎಂಬ ಯೋಚನೆ ಬಂತು, ಹೊಟ್ಟೆ ತೊಳಸಿತು, ಮುಂದಿನ ಟೆಸ್ಟ್ ತಪ್ಪಿಸಿದ, ಆ ದಿನಕ್ಕೆ ನೆಮ್ಮದಿ ಸಿಕ್ಕಿತು, ಅಭ್ಯಾಸ ತಪ್ಪಿದ್ದರಿಂದ ಮುಂದಿನ ವಾರದ ಭಯ ಇಮ್ಮಡಿಯಾಯಿತು. ಹೀಗೆ ಬರೆದು ನೋಡಿದಾಗ ತನ್ನ ಸ್ವಭಾವದ ದೋಷ ಎಂದು ತಿಳಿದಿದ್ದು ಒಂದು ಸುತ್ತಾಗಿ ಕಾಣುತ್ತದೆ. ಆ ಸುತ್ತನ್ನು ಯಾವ ಜಾಗದಲ್ಲಿ ಮುರಿಯಬಹುದೆಂಬ ಮಾತು ಆಗ ಶುರುವಾಗುತ್ತದೆ.

ಗುರಿ ಗೊತ್ತುಮಾಡುವುದು: ‘ಐಎಎಸ್ ಆಗುವುದು’ ಆಪ್ತಸಮಾಲೋಚನೆಯ ಗುರಿಯಾಗಲಾರದು, ಅದು ಕೋಣೆಯಲ್ಲಿರುವ ಇಬ್ಬರ ಕೈಯಲ್ಲೂ ಇಲ್ಲ. ‘ವಾರಕ್ಕೆ ಒಂದು ಟೆಸ್ಟ್ ಪೂರ್ತಿ ಬರೆಯುವುದು’, ‘ರಾತ್ರಿ 12ರೊಳಗೆ ಮಲಗುವುದು’, ‘ಈ ತಿಂಗಳೊಳಗೆ ಅಪ್ಪನಿಗೆ ಇದ್ದದ್ದನ್ನು ಇದ್ದಂತೆ ಹೇಳುವುದು’ ಇವು ಗುರಿಗಳು: ಕಣ್ಣಿಗೆ ಕಾಣುವಂಥವು, ಅಳೆಯಬಹುದಾದವು, ಸಲಹಾರ್ಥಿಯೇ ಆರಿಸಿಕೊಂಡವು.

ಕಾರ್ಯರೂಪ: ಇಲ್ಲಿ ಪದ್ಧತಿಗಳು ಬೇರೆಯಾಗುತ್ತವೆ. ಅರಿವು–ವರ್ತನೆಯ ಪದ್ಧತಿಯಲ್ಲಿ ‘ಲಾಯಕ್ಕಿಲ್ಲ’ ಎಂಬ ಯೋಚನೆಗೆ ಸಾಕ್ಷಿ ಯಾವುದು, ವಿರುದ್ಧ ಸಾಕ್ಷಿ ಯಾವುದು ಎಂದು ಪರೀಕ್ಷಿಸುತ್ತಾರೆ. ಹೆದರಿ ದೂರವಿಟ್ಟದ್ದನ್ನು ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಎದುರಿಸುತ್ತಾರೆ. ಮುಂದುವರಿಸುವ–ಬಿಡುವ ತಾಕಲಾಟಕ್ಕೆ ಎರಡೂ ದಾರಿಯ ಲಾಭ ನಷ್ಟಗಳನ್ನು ನಾಲ್ಕು ಕಾಲಂಗಳಲ್ಲಿ ಬರೆಯಿಸುತ್ತಾರೆ. ಅಪ್ಪನೊಂದಿಗಿನ ಫೋನ್ ಮಾತನ್ನು ಕೋಣೆಯಲ್ಲೇ ಅಭಿನಯಿಸಿ ನೋಡಬಹುದು: ಸಮಾಲೋಚಕರು ಅಪ್ಪನ ಪಾತ್ರ ವಹಿಸುತ್ತಾರೆ, ಮಗ ಮಾತು ಹುಡುಕುತ್ತಾನೆ. ಎರಡು ಭೇಟಿಗಳ ನಡುವಿನ ವಾರದಲ್ಲಿ ಮಾಡಿಬರುವ ಅಭ್ಯಾಸವೂ ಭೇಟಿಯಷ್ಟೇ ಮುಖ್ಯ.

ಮುಕ್ತಾಯ: ಅಲ್ಪಾವಧಿಯ ಆಪ್ತಸಮಾಲೋಚನೆ ಬಹುಪಾಲು ಆರರಿಂದ ಹನ್ನೆರಡು ಭೇಟಿಗಳಲ್ಲಿ ಮುಗಿಯುತ್ತದೆ. ಕೊನೆ ಯಾವಾಗ ಎಂಬುದನ್ನು ಮೊದಲೇ ತಿಳಿಸಿ, ಕೊನೆಯ ಭೇಟಿಗಳ ನಡುವೆ ಅಂತರ ಹೆಚ್ಚಿಸುತ್ತಾರೆ. ಏನು ಬದಲಾಯಿತು, ಫಲಿತಾಂಶದ ದಿನದಂಥ ಕಷ್ಟದ ಹೊತ್ತಿನಲ್ಲಿ ಹಳೆಯ ಸುತ್ತು ಮರುಕಳಿಸಿದರೆ ಏನು ಮಾಡುವುದು ಎಂಬುದನ್ನು ಸಲಹಾರ್ಥಿಯ ಬಾಯಿಂದಲೇ ಹೇಳಿಸುತ್ತಾರೆ. ಸಮಾಲೋಚಕರ ಅಗತ್ಯವೇ ಇಲ್ಲದಂತಾಗುವುದು ಈ ಕೆಲಸದ ಯಶಸ್ಸು.

ಭಾಷೆ

ಸಂಕಟವನ್ನು ಜನ ತಮ್ಮ ಮಾತಿನಲ್ಲಿ ಹೇಳಿಕೊಳ್ಳುತ್ತಾರೆ. ಕನ್ನಡದ ‘ಬೇಜಾರು’ ಎಂಬ ಒಂದೇ ಪದ ಹೊತ್ತು ಹೋಗದಿರುವುದನ್ನೂ ಗೆಳೆಯನ ಮಾತಿನಿಂದಾದ ನೋವನ್ನೂ ಬದುಕೇ ಸಾಕೆನಿಸುವ ಖಿನ್ನತೆಯನ್ನೂ ಸೂಚಿಸಬಲ್ಲದು. ‘ಎಂಥ ಬೇಜಾರು? ಬೆಳಿಗ್ಗೆ ಏಳುವಾಗ ಹೇಗಿರುತ್ತದೆ?’ ಎಂದು ಬಿಡಿಸಿ ಕೇಳದಿದ್ದರೆ ಅಪಾಯದ ಸೂಚನೆ ಕೈತಪ್ಪಬಹುದು. ‘ಎದೆ ಹಿಂಡಿದ ಹಾಗೆ’, ‘ತಲೆ ಕಟ್ಟಿದ ಹಾಗೆ’ ಎಂಬ ದೂರುಗಳಲ್ಲಿ ದೇಹ ಮತ್ತು ಮನಸ್ಸು ಎರಡೂ ಮಾತಾಡುತ್ತಿರುತ್ತವೆ. ದೈಹಿಕ ಕಾಯಿಲೆ ಇಲ್ಲವೆಂದು ವೈದ್ಯರಿಂದ ಖಚಿತಪಡಿಸಿಕೊಂಡೇ ಮುಂದುವರಿಯಬೇಕು. ದೆಹಲಿಯಲ್ಲಿ ಕೂತು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ‘ಟೆನ್ಶನ್’ ಎಂದಷ್ಟೇ ಹೇಳಬಲ್ಲ ಕನ್ನಡದ ಅಭ್ಯರ್ಥಿ, ತನ್ನ ನುಡಿಯಲ್ಲಿ ಅದರ ಬೇರನ್ನೇ ಹೇಳಬಲ್ಲ. ಫೋನ್ ಮತ್ತು ವಿಡಿಯೋ ಮೂಲಕ ತಾಯ್ನುಡಿಯ ಸಮಾಲೋಚಕರನ್ನು ಹುಡುಕಿಕೊಳ್ಳುವುದು ಈಗ ಸಾಧ್ಯವಿದೆ. ಪಿಜಿ ಕೋಣೆಯಲ್ಲಿ ಏಕಾಂತ ಸಿಗದಿದ್ದರೆ ಇಯರ್‌ಫೋನ್ ಹಾಕಿಕೊಂಡು ಪಾರ್ಕಿನಲ್ಲಿ ಕೂತು ಮಾತಾಡುವಂಥ ಏರ್ಪಾಡನ್ನು ಮೊದಲ ಭೇಟಿಯಲ್ಲೇ ಗೊತ್ತುಮಾಡಿಕೊಳ್ಳಬೇಕಾಗುತ್ತದೆ.

ಗೋಪ್ಯತೆ ಮತ್ತು ಅದರ ಎಲ್ಲೆ

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 23ನೇ ಸೆಕ್ಷನ್, ಚಿಕಿತ್ಸೆ ಪಡೆಯುವವರ ಮಾಹಿತಿಯ ಗೋಪ್ಯತೆಯನ್ನು ಹಕ್ಕಾಗಿಸಿದೆ. ವಯಸ್ಕ ಸಲಹಾರ್ಥಿಯ ವಿಷಯವನ್ನು, ಶುಲ್ಕ ಕಟ್ಟುವವರು ತಂದೆತಾಯಿಯೇ ಆದರೂ, ಸಲಹಾರ್ಥಿಯ ಒಪ್ಪಿಗೆ ಇಲ್ಲದೆ ಹೇಳುವಂತಿಲ್ಲ. ಜೀವಕ್ಕೆ ಅಪಾಯ, ಇತರರಿಗೆ ಹಾನಿಯ ಸಂಭವ, ನ್ಯಾಯಾಲಯದ ಆದೇಶ ಇದ್ದಾಗ ಅಗತ್ಯವಿದ್ದಷ್ಟನ್ನು ಮಾತ್ರ ತಿಳಿಸಬಹುದು. 18 ವರ್ಷದೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ 2012ರ ಪೋಕ್ಸೊ ಕಾಯ್ದೆಯಂತೆ ವರದಿ ಮಾಡುವುದು ಕಡ್ಡಾಯ. ಕೋಚಿಂಗ್ ಸಂಸ್ಥೆಯೇ ಸಂಬಳ ಕೊಡುವ ಸಮಾಲೋಚಕರ ಸ್ಥಿತಿ ಇನ್ನೂ ಸೂಕ್ಷ್ಮ: ಸಲಹಾರ್ಥಿ ತರಗತಿ ಬಿಡುವ ಯೋಚನೆ ಹೇಳಿಕೊಂಡರೆ ಅದು ಆಡಳಿತದ ಕಿವಿಗೆ ಬೀಳಬಾರದು. ಈ ಮಾತು ನೇಮಕಾತಿಯ ಕರಾರಿನಲ್ಲೇ ಬರಹದಲ್ಲಿರಬೇಕು.

ಬಿಕ್ಕಟ್ಟಿನ ಹೊತ್ತು

‘ಸಾಯುವ ಯೋಚನೆ ಬರುತ್ತದೆಯೇ?’ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಬದಲಿಗೆ ಮುಚ್ಚಿಟ್ಟುಕೊಂಡವರಿಗೆ ಹಗುರವಾಗುತ್ತದೆ. ಹೌದೆಂದರೆ ಅಲ್ಲೇ ಕೂತು ಸುರಕ್ಷತಾ ಯೋಜನೆ ಬರೆಯುತ್ತಾರೆ: ಅಪಾಯದ ಮುನ್ಸೂಚನೆಗಳು, ತಾನೇ ಮಾಡಬಹುದಾದ ಸಮಾಧಾನದ ಕೆಲಸಗಳು, ಹೋಗಬಹುದಾದ ಜಾಗ, ಕರೆ ಮಾಡಬಹುದಾದ ಗೆಳೆಯರು ಮತ್ತು ಮನೆಯವರು, ವೈದ್ಯರು, ಸುತ್ತಲಿನ ಅಪಾಯಕಾರಿ ವಸ್ತುಗಳನ್ನು ದೂರವಿಡುವ ಬಗೆ. ಇಂಥವರನ್ನು ಒಂಟಿಯಾಗಿ ಕಳಿಸದೆ ಮನೋವೈದ್ಯರಿಗೆ ಒಪ್ಪಿಸಬೇಕು. ಸರ್ ಗಂಗಾರಾಮ್ ಆಸ್ಪತ್ರೆ ಓಲ್ಡ್ ರಾಜಿಂದರ್ ನಗರದಲ್ಲೇ ಇದೆ. ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇಹ್ಬಾಸ್ ದಿಲ್ಶಾದ್ ಗಾರ್ಡನ್‌ನಲ್ಲಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಆರೈಕೆ ಕೊಡಬೇಕೆಂದು 2017ರ ಕಾಯ್ದೆಯ 115ನೇ ಸೆಕ್ಷನ್ ಹೇಳುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ, ಆತ್ಮಹತ್ಯಾ ಯತ್ನವನ್ನೇ ಅಪರಾಧವೆನ್ನುತ್ತಿದ್ದ ಹಳೆಯ ದಂಡಸಂಹಿತೆಯ 309ನೇ ಸೆಕ್ಷನ್ನನ್ನು ಉಳಿಸಿಕೊಂಡಿಲ್ಲ.

ಮಿತಿಗಳು ಮತ್ತು ಸಾಂಸ್ಥಿಕ ಹೊಣೆ

2024ರ ಜುಲೈ 27ರಂದು ಓಲ್ಡ್ ರಾಜಿಂದರ್ ನಗರದ ಕೋಚಿಂಗ್ ಕಟ್ಟಡವೊಂದರ ನೆಲಮಾಳಿಗೆಯ ಲೈಬ್ರರಿಗೆ ಮಳೆನೀರು ನುಗ್ಗಿ ಮೂವರು ಅಭ್ಯರ್ಥಿಗಳು ಸತ್ತರು. ನಂತರದ ದಿನಗಳ ಪ್ರತಿಭಟನೆಯಲ್ಲಿ ಬಾಡಿಗೆ, ಇಕ್ಕಟ್ಟಾದ ಕೋಣೆ, ಸುರಕ್ಷತೆಯ ಪ್ರಶ್ನೆಗಳೂ ಎದ್ದವು. ಆಪ್ತಸಮಾಲೋಚನೆಯ ಬಹುಮುಖ್ಯ ಎಚ್ಚರ ಇದು: ವ್ಯವಸ್ಥೆಯ ತಪ್ಪನ್ನು ವ್ಯಕ್ತಿಯ ಮನೋದೌರ್ಬಲ್ಯವೆಂದು ಬಗೆಯಬಾರದು. ಗಾಳಿಯಿಲ್ಲದ ಕೋಣೆಗೆ ಉಸಿರಾಟದ ವ್ಯಾಯಾಮ ಪರಿಹಾರವಲ್ಲ.

ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು, ವಿಶಾಖಪಟ್ಟಣದ ನೀಟ್ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ವಿದ್ಯಾಸಂಸ್ಥೆಗಳಿಗೂ ಕೋಚಿಂಗ್ ಕೇಂದ್ರಗಳಿಗೂ ಮಾರ್ಗಸೂಚಿ ಹೊರಡಿಸಿತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆ ಕನಿಷ್ಠ ಒಬ್ಬ ಅರ್ಹ ಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜಕಾರ್ಯಕರ್ತರನ್ನು ನೇಮಿಸಬೇಕು. ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಏರ್ಪಾಡು ಮಾಡಿಕೊಳ್ಳಬೇಕು. ಅಂಕಗಳ ಆಧಾರದ ಮೇಲೆ ಬ್ಯಾಚ್ ಬೇರ್ಪಡಿಸುವುದು, ಎಲ್ಲರೆದುರು ಅವಮಾನಿಸುವುದು ನಿಲ್ಲಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲ ತರಬೇತಿ ಕೊಡಬೇಕು. ಸಹಾಯವಾಣಿ ಸಂಖ್ಯೆಗಳು ಹಾಸ್ಟೆಲ್ ಮತ್ತು ತರಗತಿಗಳಲ್ಲಿ ದೊಡ್ಡ ಅಕ್ಷರದಲ್ಲಿ ಕಾಣಬೇಕು. ಇವು ಆ ಮಾರ್ಗಸೂಚಿಯ ಮುಖ್ಯ ಅಂಶಗಳು.

ಆ ಸಹಾಯವಾಣಿಗಳಲ್ಲಿ ಮುಖ್ಯವಾದದ್ದು ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸರ್ಕಾರಿ ಸೇವೆಗೆ ನಿಮ್ಹಾನ್ಸ್ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಉಚಿತವಾಗಿ, ಕನ್ನಡವೂ ಸೇರಿ 20 ಭಾಷೆಗಳಲ್ಲಿ ಇಲ್ಲಿ ತರಬೇತಿ ಪಡೆದವರು ಮಾತಿಗೆ ಸಿಗುತ್ತಾರೆ. ಅಗತ್ಯವಿದ್ದರೆ ಮನೋವೈದ್ಯರಿಗೆ ಜೋಡಿಸುತ್ತಾರೆ. ಕರೆ ಮಾಡಲು ಕಾಯಿಲೆಯೇ ಆಗಿರಬೇಕೆಂದಿಲ್ಲ, ಭಾರವೆನಿಸಿದರೆ ಸಾಕು. ಸಂಖ್ಯೆ 14416.